ಅಕ್ಕೋರು ಜಗಲಿಗೆ ಬಂದರು

ಮೊನ್ನೆ ಸೋಮವಾರ ನನ್ನ ಅವ್ವ, ಊರಿಗೆಲ್ಲ ಶಾಲೆಯ ಅಕ್ಕೋರು, ಒಳಕೋಣೆಯಿಂದ ಜಗಲಿಯವರೆಗೆ ತಾನೇ ನಡೆದು ಬಂದಳು. ಕೈಯಲ್ಲಿ ಕೋಲಿತ್ತು. ಅದನ್ನು ಊರಿದ್ದಕ್ಕಿಂತ ನಮ್ಮತ್ತ ಬೀಸಿದ್ದೇ ಹೆಚ್ಚು. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿದೆ. ಋಣದ ಲೆಕ್ಕವಷ್ಟೇ ಉಳಿದಿದೆ.

2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಅದರ ಮರುವಾರ ಅವ್ವ ಬಿದ್ದಳು. ದೊಡ್ಡ ಕಾಯಿಲೆ ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವುದು ಹೊಸದೇನಲ್ಲ. ಮಣಿಪಾಲದ ದಾರಿ ಮಣ್ಣಿನಡಿ ಇತ್ತು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೊರಟೆವು. ಆ ಮಳೆಯಲ್ಲಿ ಆಂಬುಲೆನ್ಸ್ ಓಡಿಸಿದ ತಮ್ಮ, ವೈದ್ಯರು, ದಾದಿಯರು, ಹಣ ಹೊಂದಿಸಿಕೊಟ್ಟ ನಿವೃತ್ತ ಶಿಕ್ಷಕರು, ಮನೆಯ ದನಕರು ನೋಡಿಕೊಂಡ ನೆರೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನೊಬ್ಬಳಿದ್ದಾಳೆ. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ಹೆಸರು ಬರೆದರೆ ಇನ್ನು ಮುಂದೆ ಬಂಗಡೆ ಕೊಡುವುದಿಲ್ಲ ಎಂದಿದ್ದಾಳೆ. ಹಾಗಾಗಿ ಅಕ್ಕ ಎನ್ನುತ್ತೇನೆ.

ಗಂಗಾವಳಿ ಹೊಳೆ ದಡದ ಮೀನುಗಾರರ ಕೊಪ್ಪದಲ್ಲಿ, ಬಲೆ ಇಡುವ ಚಪ್ಪರದಡಿ ಅವ್ವ ಮೊದಲ ಶಾಲೆ ತೆರೆದಾಗ ಹಾಜರಿ ಪುಸ್ತಕದಲ್ಲಿದ್ದ ಒಂದೇ ಹುಡುಗಿ ಈ ಅಕ್ಕ. ಸೊಂಟದ ಮೇಲೆ ತಮ್ಮನನ್ನು ಹೊತ್ತು ಬರುತ್ತಿದ್ದಳಂತೆ. ಮಗು ಅತ್ತರೆ ಅವ್ವ ಎತ್ತಿಕೊಂಡು ಪಾಠ ಮಾಡುತ್ತಿದ್ದಳಂತೆ. ಮೂರನೇ ಇಯತ್ತೆಗೆ ಅಕ್ಕನ ಓದು ನಿಂತಿತು. ಮಳೆಗಾಲದಲ್ಲಿ ಹಳ್ಳ ದಾಟಲು ಸಂಕವಿರಲಿಲ್ಲ.

ಆ ಸಂಕದ ಅರ್ಜಿಯೇ ಅವ್ವನನ್ನು ರಾಜಕೀಯಕ್ಕೆ ಎಳೆದದ್ದು. ಅವಳು ಓದಿದ್ದು ಕೆನರಾ ವೆಲ್ಫೇರ್ ಟ್ರಸ್ಟ್‌ನ ಶಾಲೆಯಲ್ಲಿ. ಅದನ್ನು ಕಟ್ಟಿದ ದಿನಕರ ದೇಸಾಯಿಯವರು 1967ರಲ್ಲಿ ಲೋಕಸಭೆಗೂ ಹೋದವರು. ಶಾಲೆಗೂ ಚುನಾವಣೆಗೂ ನಡುವೆ ಬೇಲಿಯಿದೆ ಎಂದು ಅವ್ವನಿಗೆ ಅನ್ನಿಸಲೇ ಇಲ್ಲ. 1987ರಲ್ಲಿ ಮಂಡಲ ಪಂಚಾಯತಿಗಳು ಬಂದು ನೂರಕ್ಕೆ 25 ಸ್ಥಾನ ಹೆಂಗಸರಿಗೆ ಎಂದಾದಾಗ ಸರಕಾರಿ ನೌಕರಿಗೆ ರಾಜೀನಾಮೆ ಕೊಟ್ಟು ನಿಂತಳು. 1995ರಲ್ಲಿ ಜಿಲ್ಲಾ ಪಂಚಾಯತಿಗೆ ಗೆದ್ದು ಕಾರವಾರಕ್ಕೆ ಓಡಾಡಿದಳು. ಆ ಮೇಲಿನ ಸೋಲನ್ನು ಊರು ಮರೆತರೂ ಅವಳು ಮರೆತಿಲ್ಲ. ಸಂಕ ಮಾತ್ರ ಆಯಿತು. ಅಕ್ಕನ ಮಕ್ಕಳು ಅದರ ಮೇಲೆಯೇ ಶಾಲೆಗೆ ಹೋದರು.

ಹುಬ್ಬಳ್ಳಿಯ ಆ ಮೊದಲ ರಾತ್ರಿ ಅವ್ವ ಕಣ್ಣು ತೆರೆದಿದ್ದಳು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ನಾನು ಕರೆದು, ಅತ್ತು, ಹೊರಗೆ ಹೋಗಿ ಕುಳಿತೆ. ಅಕ್ಕ ಮಾತ್ರ ಮಂಚದ ಪಕ್ಕ ನೆಲದ ಮೇಲೆ ಕುಳಿತು ಎರಡರಿಂದ ಮಗ್ಗಿ ಹೇಳತೊಡಗಿದಳು. ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಬೆಳಗಿನ ಜಾವಕ್ಕೆ ಏಳರ ಮಗ್ಗಿಗೆ ಬಂದಿದ್ದಳು. 'ಏಳೇಳಲ ನಲವತ್ತೇಳು' ಎಂದಳು. ಅವ್ವನ ಎಡಗೈ ಮಂಚದ ಕಬ್ಬಿಣಕ್ಕೆ ಟಪ್ಪೆಂದು ಬಡಿಯಿತು. ಅಕ್ಕ ಇನ್ನೊಮ್ಮೆ ನಲವತ್ತೇಳೆಂದಳು. ಕೈ ಇನ್ನೊಮ್ಮೆ ಬಡಿಯಿತು. ಬೇಕೆಂದೇ ತಪ್ಪಿದೆಯಾ ಎಂದು ಆಮೇಲೆ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ನನಗಾಗ ಸಂತೋಷದ ಜೊತೆಗೇ ಹೊಟ್ಟೆ ಉರಿಯಿತು. ಅವ್ವ ಸಭೆಗೆ ಹೋದ ದಿನಗಳಲ್ಲಿ ನೆರೆಮನೆಯಲ್ಲಿ ತಣ್ಣನ್ನ ಉಂಡು ಮಲಗಿದವಳು ನಾನು. ಅವಳು ಎಲ್ಲರಿಗೂ ಅಕ್ಕೋರು, ನನಗಷ್ಟೇ ಅವ್ವ; ನಾನು ಕರೆದಾಗ ಅವಳು ಓಗೊಡಲಿಲ್ಲ. ಇದನ್ನು ಬರೆಯಬಾರದಿತ್ತೇನೋ. ಬರೆದಾಗಿದೆ, ಇರಲಿ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಂಗಡೆ ಸಾರು ಮಾಡಿ ಬಡಿಸಿದಳು.

ಅದಾದ ಮೇಲೆ ಐದು ತಿಂಗಳು, ಮೀನು ಮಾರಿ ಮುಗಿದ ಕೂಡಲೇ ಬುಟ್ಟಿ ಹೊರಗಿಟ್ಟು ಅವ್ವನಿಗೆ ಪಾಟಿ ಹಿಡಿಸಿ ಕೂರಿಸಿದ್ದಾಳೆ. ಅವ್ವ ಅಕ್ಷರ ತಿದ್ದುತ್ತಾಳೆ, ಅಕ್ಕನ ಕಾಗುಣಿತವನ್ನೂ ತಿದ್ದುತ್ತಾಳೆ.

ನೋಡಲು ಬರುವವರು ಸಂಜೆ ನಾಲ್ಕರ ಮೇಲೆ ಬನ್ನಿ. ಅರ್ಜಿಯಿದ್ದರೆ ಬರೆದುಕೊಂಡೇ ಬನ್ನಿ. ಬರೆದುಕೊಡಲು ಅವಳಿಗೆ ಇನ್ನೂ ಆಗುವುದಿಲ್ಲ, ತಪ್ಪು ಹುಡುಕಲು ಆಗುತ್ತದೆ.