ಐರಿಷ್ ಹಾಡಿಗೂ ಯೂರೋವಿಷನ್ ವೇದಿಕೆ ಸಿಗಲಿ

ಮಾನ್ಯರೇ,

ಮುಖ್ಯವಾಗಿ ಯೂರೋಪಿನ ದೇಶಗಳ ನಡುವೆ ನಡೆಯುವ ಯೂರೋವಿಷನ್ ಗೀತಸ್ಪರ್ಧೆಯನ್ನು ಏಳು ಬಾರಿ ಗೆದ್ದಿರುವ ಐರ್ಲೆಂಡ್, ತನ್ನ ನುಡಿಯಾದ ಐರಿಷ್‌ನ ಹಾಡನ್ನು ಅಲ್ಲಿಗೆ ಕಳಿಸಿದ್ದು ಒಂದೇ ಒಂದು ಸಲ ಎಂಬುದು ಬೇಸರದ ಸಂಗತಿ. ಸ್ಪರ್ಧೆ ಕುರಿತ ನಿಮ್ಮ ವರದಿ ಓದಿ ಇದನ್ನು ಬರೆಯುತ್ತಿದ್ದೇನೆ. 1972ರಲ್ಲಿ ಎಡಿನ್‌ಬರೋದಲ್ಲಿ ಸ್ಯಾಂಡಿ ಜೋನ್ಸ್ ಹಾಡಿದ ಆ ಗೀತೆಗೆ 15ನೇ ಸ್ಥಾನ ಬಂತು. ಗೆದ್ದ ಏಳೂ ಹಾಡುಗಳು ಇಂಗ್ಲಿಷಿನವು.

ನಾನಿರುವ ಡಬ್ಲಿನ್‌ನಲ್ಲಿ ಊರಿನ ನಡುಭಾಗಕ್ಕೆ ಹೋಗುವ ಬಸ್ಸಿನ ಹಣೆಯ ಮೇಲೆ ‘ಅನ್ ಲಾರ್’ ಎಂದು ಐರಿಷ್‌ನಲ್ಲೇ ಇರುತ್ತದೆ. ರಸ್ತೆ ಫಲಕಗಳಲ್ಲಿ ಇಂಗ್ಲಿಷಿಗಿಂತ ಮೇಲಿನ ಸಾಲು ಅದರದು. ಸಂವಿಧಾನದ ಪ್ರಕಾರ ಅದೇ ಮೊದಲ ಅಧಿಕೃತ ಭಾಷೆ. ಆದರೆ ಬಸ್ಸಿನೊಳಗೆ ಆ ಭಾಷೆಯ ಮಾತು ಕಿವಿಗೆ ಬೀಳುವುದು ಬಲು ಅಪರೂಪ. ಫಲಕದಲ್ಲಿರುವ ಭಾಷೆ ನಾಲಿಗೆಗೆ ಬರಬೇಕಾದರೆ ಹಾಡಿನಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ.

ಅರ್ಥವಾಗದ ಭಾಷೆಗೆ ಮತ ಬೀಳುವುದಿಲ್ಲ ಎಂಬ ಅಳುಕು ಬೇಡ. 2017ರಲ್ಲಿ ಪೋರ್ಚುಗಲ್ ಗೆದ್ದದ್ದು ಪೋರ್ಚುಗೀಸ್ ಹಾಡಿನಿಂದಲೇ. ಐರ್ಲೆಂಡಿನ ಮಕ್ಕಳಂತೂ 2015ರಿಂದ ಕಿರಿಯರ ಯೂರೋವಿಷನ್‌ನಲ್ಲಿ ಐರಿಷ್‌ನಲ್ಲಿ ಹಾಡುತ್ತ ಬಂದಿದ್ದಾರೆ. 2022ರಲ್ಲಿ ನಾಲ್ಕನೇ ಸ್ಥಾನವನ್ನೂ ತಂದರು. ಮಕ್ಕಳಿಗಿರುವ ಧೈರ್ಯ ದೊಡ್ಡವರಿಗೇಕಿಲ್ಲ?

ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ ಮುಂದೆ ಹಾಡು ಆರಿಸುವಾಗ ಅಂತಿಮ ಸುತ್ತಿನಲ್ಲಿ ಒಂದು ಜಾಗವನ್ನಾದರೂ ಐರಿಷ್ ಹಾಡಿಗೆ ಮೀಸಲಿಡಲಿ. ಐರಿಷ್ ವಾಹಿನಿ ಟಿಜಿ4 ಜೊತೆ ಸೇರಿ ಹೊಸ ಗೀತರಚನೆಕಾರರನ್ನು ಆಹ್ವಾನಿಸಲಿ.

– ಓದುಗ, ಡಬ್ಲಿನ್