ಎ ಪ್ಲಸ್ ಕೊಟ್ಟವರನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಐದನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಅನ್ನೋ ಮಾತು ಬಂದಾಗಲೆಲ್ಲ ನನಗೆ 2024ರ ಮಾರ್ಚ್ ನೆನಪಾಗುತ್ತದೆ. 6ನೇ ತಾರೀಖು ಹೈಕೋರ್ಟ್ ಏಕಸದಸ್ಯ ಪೀಠ ರದ್ದು ಅಂದಿತು, ಮರುದಿನ ವಿಭಾಗೀಯ ಪೀಠ ನಡೆಸಿ ಅಂದಿತು, 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು, 25ಕ್ಕೆ ಮತ್ತೆ ಶುರು, ಕೊನೆಗೆ ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ಹತ್ತು ವರ್ಷದ ಮಕ್ಕಳಿಗೆ ಇದೆಲ್ಲ ಬೇಕಿತ್ತಾ? ಇಷ್ಟೆಲ್ಲ ಆದರೂ ಮಗುವಿಗೆ ಓದಲು ಬರುತ್ತದಾ, ಬರದಿದ್ದರೆ ಯಾರನ್ನು ಕೇಳಬೇಕು ಅನ್ನೋದು ಚರ್ಚೆಗೇ ಬರಲಿಲ್ಲ.

ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. ನಮ್ಮಲ್ಲಿ ಐದನೇ ತರಗತಿಯ ಒಬ್ಬ ಹುಡುಗಿಗೆ ಕನ್ನಡದಲ್ಲಿ ಎ ಪ್ಲಸ್ ಇದೆ. ಪಠ್ಯಪುಸ್ತಕ ಕೊಟ್ಟರೆ ಪಾಠವನ್ನು ಗಡಗಡ ಹೇಳುತ್ತಾಳೆ, ಆದರೆ ಬೆರಳು ಒಂದು ಸಾಲಿನಲ್ಲಿ, ಬಾಯಿ ಎರಡು ಸಾಲು ಮುಂದೆ. ಬಾಯಿಪಾಠ. ಅದೇ ಹುಡುಗಿ ಕೈಗೆ ನಿಮ್ಮ ಪತ್ರಿಕೆ ಕೊಟ್ಟರೆ ಮೊದಲ ಒತ್ತಕ್ಷರಕ್ಕೇ ನಿಂತು ನನ್ನ ಮುಖ ನೋಡುತ್ತಾಳೆ. ಇನ್ನು ಅವಳ ಪಕ್ಕದ ಹುಡುಗ 52ರಲ್ಲಿ 27 ಕಳೆದು 35 ಅಂತ ಬರೆಯುತ್ತಾನೆ. ಅವನಿಗೂ ಎ.

ಇದಕ್ಕೆ ಮೇಷ್ಟ್ರನ್ನೊಬ್ಬರನ್ನೇ ಬೈದು ಪ್ರಯೋಜನ ಇಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಮೌಲ್ಯಮಾಪನ), ಎಲ್ಲದರ ದಾಖಲೆ ಇಡಬೇಕು, ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆ ಸ್ಯಾಟ್ಸ್‌ಗೆ ಅಂಕ ಏರಿಸಬೇಕು. ಸಿ ಕೊಟ್ಟರೆ ಯಾಕೆ ಕೊಟ್ರಿ, ಏನು ಕ್ರಮ ತಗೊಂಡ್ರಿ ಅಂತ ಮೇಲಿನಿಂದ ಪ್ರಶ್ನೆ, ಜೊತೆಗೆ ಇನ್ನೊಂದು ಫಾರಂ. ಎ ಕೊಟ್ಟರೆ ಯಾರೂ ಕೇಳಲ್ಲ. ಹೀಗಿದ್ದಾಗ ಬೋರ್ಡ್ ಮೇಲೆ ಉತ್ತರ ಬರೆದು ಮಕ್ಕಳ ಕೈಲಿ ನಕಲು ಮಾಡಿಸೋದೇ ಸುಲಭ, ಅಲ್ವಾ? ಕೆಳಗೆ ಮುಚ್ಚಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ ಹೊರಗೆ ಬರುತ್ತದೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಿದ್ದೇ ತಡ, ಕೃಪಾಂಕ ಜಾಸ್ತಿ ಮಾಡಿದ ಮೇಲೂ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು.

ಹಾಗಂತ ಸುಮ್ನೆ ಇನ್ನೊಂದು ಪ್ರಶ್ನೆಪತ್ರಿಕೆ ಬೆಂಗಳೂರಿನಿಂದ ಕಳಿಸಿದರೆ ಏನೂ ಆಗಲ್ಲ. ಓದಲು ಬಾರದ ಮಗುವಿಗೆ ಪ್ರಶ್ನೆಯನ್ನೇ ಓದಲು ಬರಲ್ಲ. ಚಿಕ್ಕ ತರಗತಿಗಳಲ್ಲಿ ಚಟುವಟಿಕೆ ಮೂಲಕ ಕಲಿಸುವ ನಮ್ಮದೇ ನಲಿಕಲಿಯಲ್ಲಿ ಪ್ರಗತಿನೋಟ ಅಂತ ಇದೆ, ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಗುರುತು ಹಾಕುವ ಪಟ್ಟಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಸರಿಯಾಗಿ ತುಂಬಿದರೆ ಎ ಪ್ಲಸ್‌ಗಿಂತ ನೂರು ಪಾಲು ಉಪಯೋಗ. ಮೂರನೇ ತರಗತಿ ಮುಗಿದ ಮೇಲೆ ಅದನ್ನು ಯಾಕೆ ಬಿಡುತ್ತಾರೋ ನನಗಂತೂ ಅರ್ಥವಾಗಿಲ್ಲ.

ನಾನು ಕೇಳೋದು ಇಷ್ಟೇ. ವರ್ಷಕ್ಕೆರಡು ಸಲ ಬೇರೆ ಶಾಲೆಯ ಶಿಕ್ಷಕರು ಬಂದು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪುಸ್ತಕದಲ್ಲಿಲ್ಲದ ನಾಲ್ಕು ಸಾಲು ಓದಿಸಲಿ, ಒಂದು ಕಳೆಯುವ ಲೆಕ್ಕ ಮಾಡಿಸಲಿ. ಯಾರನ್ನೂ ಫೇಲ್ ಮಾಡೋದು ಬೇಡ, ಮಗುವಿನ ಹೆಸರೂ ಬೇಡ. ಎಷ್ಟು ಮಕ್ಕಳಲ್ಲಿ ಎಷ್ಟು ಜನಕ್ಕೆ ಬಂತು ಅಂತ ಶಾಲೆಯ ಗೋಡೆ ಮೇಲೆ ಬರೆಯಲಿ. ಅದರ ಪಕ್ಕದಲ್ಲೇ ಇಲಾಖೆಯ ಲೆಕ್ಕವೂ ಇರಲಿ: ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು, ಮೇಷ್ಟ್ರುಗಳನ್ನು ಎಷ್ಟು ದಿನ ಬೇರೆ ಕೆಲಸಕ್ಕೆ ಎಳೆದರು. 2025ರಲ್ಲಿ ಜಾತಿ ಸಮೀಕ್ಷೆಗೆ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದದ್ದು ಎಲ್ಲರಿಗೂ ಗೊತ್ತು. ಮಕ್ಕಳ ಕಲಿಕೆಯನ್ನು ಪೋಷಕರಿಗೆ ತಿಳಿಸಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರಿಗೆ ಹೇಳುತ್ತದೆ, ಸರಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಅವರನ್ನು ಬೇರೆ ಕೆಲಸಕ್ಕೆ ಹಾಕಬೇಡಿ ಅಂತ 27ನೇ ಸೆಕ್ಷನ್ ಸರ್ಕಾರಕ್ಕೆ ಹೇಳುತ್ತದೆ. ಅದನ್ನು ಯಾರು ಓದಬೇಕು?

ಪಕ್ಕದ ಶಾಲೆಯವರು ತಮ್ಮತಮ್ಮಲ್ಲೇ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ ಅಂತ ಕೆಲವರು ಹೇಳಬಹುದು. ಮಾಡಿಕೊಳ್ಳುತ್ತಾರೆ ಕೂಡ. ಅದಕ್ಕೇ ಆ ದಿನ ಪೋಷಕರನ್ನೂ ಕರೆದು ಕೂರಿಸಿ. ಅಕ್ಷರ ಬಾರದ ತಾಯಿಗೂ ತನ್ನ ಮಗು ಓದುತ್ತಿದೆಯಾ, ತಡವರಿಸುತ್ತಿದೆಯಾ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

– ಒಬ್ಬ ಎಸ್‌ಡಿಎಂಸಿ ಸದಸ್ಯ