ಅವತ್ತು ನಾಟಕ ಇತ್ತು ಕಣೋ

ಪ್ರೀತಿಯ ಧರ್ಮರಾಯ,

ಫೋನಿನಲ್ಲೇ ಹೇಳಿಬಿಡೋಣ ಅಂತ ಹೋದ ವಾರ ಮೂರು ಸಲ ನಿನ್ನ ನಂಬರ್ ಒತ್ತಿದೆ. ಮೂರು ಸಲವೂ ಹುಣಸೆಹಣ್ಣಿನ ರೇಟು, ನಿನ್ನ ಮಗಳ ಪರೀಕ್ಷೆ ಅಂತ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಇಲ್ಲಿ, ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಓದುವವರಲ್ಲಿ ಅರ್ಧ ಜನಕ್ಕೆ ನೀನು ಗೊತ್ತು, ಇನ್ನರ್ಧ ಜನಕ್ಕೆ ಕೊಡೆಯ ಕಥೆ ಗೊತ್ತು. ಎರಡೂ ಗೊತ್ತಿಲ್ಲದವರು ಕ್ಷಮಿಸಲಿ, ಕೊಡೆಯ ಕಥೆಯನ್ನು ನಾನಂತೂ ಹೇಳುವುದಿಲ್ಲ.

ತುಮಕೂರಿನಲ್ಲಿ ಈಗ ಹೊಂಗೆ ಹೂ ಉದುರುವ ಕಾಲ. ಬೆಳಿಗ್ಗೆ ಎದ್ದರೆ ಮರದ ಬುಡದಲ್ಲಿ ಯಾರೋ ಕಡ್ಲೆಪುರಿ ಚೆಲ್ಲಿಕೊಂಡು ಹೋದ ಹಾಗಿರುತ್ತದೆ. ಸಿದ್ಧಗಂಗೆ ಜಾತ್ರೆ ಮುಗಿಯಿತು, ವಸ್ತುಪ್ರದರ್ಶನದ ಮಳಿಗೆಗಳನ್ನೂ ಬಿಚ್ಚಿದರು. ನಾವು ಕಬ್ಬಿನ ಹಾಲು ಕುಡಿದು, ಒಂದು ಎತ್ತಿನ ಬೆಲೆ ಕೇಳಿ ಸಿಕ್ಕಿಹಾಕಿಕೊಂಡಿದ್ದ ಬಯಲು ಈಗ ಖಾಲಿ. ರಾಗಿ ಮನೆ ಸೇರಿ, ಹುಣಸೆ ಬಡಿದು, ಮಳೆಗೆ ಇನ್ನೂ ಪುರುಸೊತ್ತು ಇರುವ ಈ ದಿನಗಳಲ್ಲಿ ನಮ್ಮ ಕಡೆ ಏನು ನಡೆಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಸರ್ಕಲ್ ಸರ್ಕಲ್‌ಗೂ ಕುರುಕ್ಷೇತ್ರ ನಾಟಕದ ಫ್ಲೆಕ್ಸ್. ಕಿರೀಟ ಇಟ್ಟುಕೊಂಡ ಇಪ್ಪತ್ತು ಮುಖಗಳು, ಮೇಲೆ ಮುಖಂಡರ ಫೋಟೊ, ಕೆಳಗೆ ಸಣ್ಣ ಅಕ್ಷರದಲ್ಲಿ ಹಾರ್ಮೋನಿಯಂ ಮೇಷ್ಟ್ರ ಹೆಸರು.

ಹೋದ ತಿಂಗಳು ಇಲ್ಲಿನ ಚಿತ್ರಕಲೆ ಕಾಲೇಜಿನ ಹುಡುಗರು ಒಂದು ಪ್ರದರ್ಶನ ಇಟ್ಟಿದ್ದರು. ಬಿಸಿಲಿಗೆ ನೆರಳಾಯಿತು ಅಂತ ಒಳಗೆ ಹೋದೆ. ದೇವರಾಯನದುರ್ಗದ ಬೆಟ್ಟ, ಹಂಪಿಯ ರಥ, ಮುದುಕಿಯ ಸುಕ್ಕು, ಎಲ್ಲಾ ಕಡೆ ಇರುವಂಥವೇ ಬಹಳ. ಮೂಲೆಯಲ್ಲೊಂದು ಚಿತ್ರ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ನಾಟಕದ ಮೇಕಪ್ ರೂಮು. ಅರ್ಧ ಬಣ್ಣ ಹಚ್ಚಿಕೊಂಡ ಭೀಮ ಗದೆಯನ್ನು ಗೋಡೆಗೆ ಒರಗಿಸಿ ಟೀ ಕುಡಿಯುತ್ತಿದ್ದಾನೆ. ಚಿತ್ರದ ಅಂಚಿನಲ್ಲಿ ಹಾರ್ಮೋನಿಯಂನ ಅರ್ಧ ಭಾಗ, ಅದರ ಮೇಲೆ ಎರಡು ಕೈ. ಮುಖ ಇಲ್ಲ. ಚೌಕಟ್ಟು ಅಲ್ಲಿಗೇ ಮುಗಿದುಹೋಗಿದೆ.

ಬರೆದ ಹುಡುಗಿ ಅಲ್ಲೇ ಇದ್ದಳು. ‘ಮೇಷ್ಟ್ರ ಮುಖ ಯಾಕೆ ಇಲ್ಲಮ್ಮ?’ ಅಂದೆ. ‘ಜಾಗ ಸಾಲಲಿಲ್ಲ ಸರ್’ ಅಂದಳು. ಪಾಪ, ನಿಜವನ್ನೇ ಹೇಳಿದಳು. ಆ ಕೈಗಳನ್ನು ಬಿಟ್ಟು ಬರಲು ನನಗೆ ತುಂಬ ಹೊತ್ತು ಹಿಡಿಯಿತು.

ನಮ್ಮಪ್ಪ ಏನು ಕೆಲಸ ಮಾಡುತ್ತಿದ್ದ ಅಂತ ನಿನಗೆ ಗೊತ್ತಿದೆ, ಅರ್ಧ ಗೊತ್ತಿದೆ. ಪೂರ್ತಿ ಹೇಳುತ್ತೇನೆ ಕೇಳು.

ನಲವತ್ತು ವರ್ಷ ಅಪ್ಪ ತುಮಕೂರು, ಗುಬ್ಬಿ, ಕುಣಿಗಲ್, ತುರುವೇಕೆರೆ ಸೀಮೆಯ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸಿದ. ಎರಡು ಮೂರು ತಿಂಗಳು, ದಿನಾ ರಾತ್ರಿ, ದೇವಸ್ಥಾನದ ಜಗಲಿಯಲ್ಲೋ ಸ್ಕೂಲಿನ ವರಾಂಡದಲ್ಲೋ ತಾಲೀಮು. ಹಗಲೆಲ್ಲ ತೋಟದಲ್ಲಿ ಕಾಯಿ ಕೆಡವಿದವನು, ಲಾರಿ ಓಡಿಸಿದವನು, ಸೊಸೈಟಿಯಲ್ಲಿ ಹಾಲು ಅಳೆದವನು ರಾತ್ರಿ ಬಂದು ಕೃಷ್ಣ, ಕರ್ಣ, ದುರ್ಯೋಧನ ಆಗಬೇಕು. ಪಾತ್ರಕ್ಕೆ ದುಡ್ಡು ಕಟ್ಟಿ ಆಡುವವರು ಇವರು, ಸಂಬಳಕ್ಕಲ್ಲ. ಸಾಲ ಮಾಡಿ ಕಟ್ಟಿದವರನ್ನೂ ನೋಡಿದ್ದೇನೆ. ಒಂದು ರಾತ್ರಿಯ ಮಟ್ಟಿಗೆ ಇಡೀ ಊರು ತನ್ನನ್ನು ತಲೆ ಎತ್ತಿ ನೋಡಲಿ ಅನ್ನುವ ಆಸೆಗೆ ಬೆಲೆ ಕಟ್ಟುವುದು ಹೇಗೆ? ಆ ಆಸೆಯ ಬಗ್ಗೆ ಹಗುರವಾಗಿ ಮಾತಾಡುವವರ ಜೊತೆ ನನಗೆ ಈಗ ಕೂರಲು ಆಗುವುದಿಲ್ಲ.

ಅವರಿಗೆ ರಾಗದ ಹೆಸರು ಬೇಕಿಲ್ಲ, ಮಟ್ಟು ಸಾಕು. ಭೀಮ್‌ಪಲಾಸಿ ಅಂದರೆ ಏನು ಅಂತ ಗೊತ್ತಿಲ್ಲದವನು ಅದೇ ಮಟ್ಟನ್ನು ಗುಣುಗುತ್ತಾ ನೀರು ಕಟ್ಟುತ್ತಾನೆ. ನೀನಿರುವ ಪುಣೆಗೂ ಇದಕ್ಕೂ ನಂಟಿದೆ ಕಣೋ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ನಾಟಕ ಆಡಿಸಿದ್ದು 1880ರಲ್ಲಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮರಾಠಿ ಕಂಪನಿಗಳು ಈ ಕಡೆ ಬಂದು ಹಾಡಿ ಹೋದ ಮಟ್ಟುಗಳು ನಮ್ಮ ಕಂಪನಿಗಳ ಬಾಯಿಗೆ ಬಂದವು, ಕಂಪನಿಗಳಿಂದ ಹಳ್ಳಿಗೆ ಇಳಿದವು. 1934ರಲ್ಲಿ ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದನ್ನು ಅಪ್ಪ ತಾನೇ ಕಣ್ಣಾರೆ ಕಂಡವನ ಹಾಗೆ ಹೇಳುತ್ತಾನೆ. ಆಗ ಅಪ್ಪ ಹುಟ್ಟಿಯೂ ಇರಲಿಲ್ಲ.

ಈ ಸಲ ಒಂದು ಹಳ್ಳಿಯ ನಾಟಕಕ್ಕೆ ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಬಲಗೈ ಉಂಗುರದ ಬೆರಳು ಮಡಚಿಕೊಂಡರೆ ಬಿಚ್ಚಿಕೊಳ್ಳುವುದಿಲ್ಲ, ಎಡಗೈಯಲ್ಲಿ ಹಿಡಿದು ಬಿಡಿಸಬೇಕು. ‘ಇದೇ ಕೊನೇದು’ ಅಂದಿದ್ದ. ನಾನು ಮೊದಲ ಸಲ ರಾತ್ರಿ ಪೂರ್ತಿ ಅಪ್ಪನ ಪಕ್ಕದಲ್ಲಿ ಕೂತೆ. ಮೊದಲ ಸಲ. ನಲವತ್ತು ದಾಟಿದ ಮಗ.

ದುರ್ಯೋಧನನ ಪಾತ್ರ ಒಬ್ಬ ಕಾಯಿ ವ್ಯಾಪಾರಿಯದು. ಮೈಕ್ ಕಂಡ ಹುಮ್ಮಸ್ಸಿನಲ್ಲಿ ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಕೀಯ ಶ್ರುತಿಯಲ್ಲಿ, ಶುರು ಮಾಡಿದ ಪದ್ಯ ಅರ್ಧಕ್ಕೆ ಬರುವಷ್ಟರಲ್ಲಿ ಬಿಳಿ ನಾಲ್ಕಕ್ಕೆ ಏರಿಬಿಟ್ಟಿತು. ನನಗೆ ಎದೆ ಧಸಕ್ಕೆಂದಿತು. ಅಪ್ಪ ಅವನ ಮುಖ ನೋಡಿದ, ಅಷ್ಟೇ. ಬೆರಳುಗಳು ಎತ್ತಿಟ್ಟ ಹಾಗೆ ಆ ಶ್ರುತಿಗೆ ಹೋಗಿ ಸೇರಿಕೊಂಡವು, ತಿದಿ ಒತ್ತುವ ಕೈ ಒಂದು ಚೂರೂ ತಡೆಯಲಿಲ್ಲ. ತಬಲದವನು ನಕ್ಕ. ಜನ ಶಿಳ್ಳೆ ಹೊಡೆದು ‘ವನ್ಸ್ ಮೋರ್’ ಅಂದರು. ತಾನು ಶ್ರುತಿ ಬಿಟ್ಟಿದ್ದು ದುರ್ಯೋಧನನಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕರ್ಣ ಮಾತು ಮರೆತು ನಿಂತಾಗ ಅಪ್ಪ ಕೆಳಗಿನಿಂದ ಸಾಲಿನ ತುದಿಯನ್ನು ರಾಗದಲ್ಲೇ ಎತ್ತಿಕೊಟ್ಟ, ಅದೂ ಪದ್ಯದ ಭಾಗ ಅನ್ನುವ ಹಾಗೆ. ಇಪ್ಪತ್ತು ಜನರ ಮಾನವನ್ನು ಬೆಳಗಿನವರೆಗೂ ಹತ್ತು ಬೆರಳಲ್ಲಿ ಹಿಡಿದುಕೊಂಡು ಕೂತಿರುತ್ತಾನೆ ಕಣೋ ನಮ್ಮಪ್ಪ. ಕತ್ತಲಲ್ಲಿ, ಮಗ್ಗುಲಲ್ಲಿ, ಫೋಟೊದ ಹೊರಗೆ.

ಮೂಡಲು ಬೆಳ್ಳಗಾಗುವ ಹೊತ್ತಿಗೆ ಮಂಗಳ ಹಾಡಿ ಮುಗಿಸಿದರು. ಬೆವರಿಗೆ ಬಣ್ಣ ಇಳಿದಿದ್ದ ಕೃಷ್ಣ, ಶಕುನಿ, ಅಭಿಮನ್ಯು ಎಲ್ಲ ಇಳಿದು ಬಂದು ಮೇಷ್ಟ್ರ ಕಾಲು ಮುಟ್ಟಿದರು. ವಾಪಸ್ ಬರುವಾಗ ನೋಡಿದೆ, ಅಪ್ಪನ ಪಾದದ ಮೇಲೆಲ್ಲ ಅವರ ಬೆರಳಿನ ಗುಲಾಬಿ ಬಣ್ಣ. ಅಪ್ಪ ಸೀಟಿಗೆ ಒರಗಿ ನಿದ್ದೆ ಹೋಗಿದ್ದ. ನಾನು ಗುಬ್ಬಿ ಗೇಟ್ ದಾಟುವಾಗ ಕಾರು ಪಕ್ಕಕ್ಕೆ ಹಾಕಿ ಅತ್ತೆ.

ಯಾಕೆ ಅಂತ ಹೇಳಬೇಕು.

ಡಿಗ್ರಿ ಎರಡನೇ ವರ್ಷ. ‘ನಿಮ್ಮಪ್ಪ ಏನು ಮಾಡ್ತಾರೆ?’ ಅಂತ ನೀನು ಕೇಳಿದ್ದೆ. ‘ಮ್ಯೂಸಿಕ್ ಟೀಚರ್, ಸ್ಕೂಲಲ್ಲಿ’ ಅಂದಿದ್ದೆ. ನಿಮ್ಮ ಮನೆಯಲ್ಲಿ ರಾಮನವಮಿಗೆ ಕಛೇರಿ ಇಡಿಸುತ್ತಿದ್ದರು. ವೀಣೆ, ಪಿಟೀಲು, ಪಾನಕ, ಕೋಸಂಬರಿ. ಅಲ್ಲಿ ಯಾರೋ ಹಿರಿಯರು ಹೇಳಿದ್ದರು, ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಆಗಿಬರೋದಿಲ್ಲ, ಅದರ ಸ್ವರ ಬಾಗೋದಿಲ್ಲ, ಗಮಕ ಬರೋದಿಲ್ಲ, ಆಕಾಶವಾಣಿಯವರೇ 1940ರಲ್ಲಿ ಅದನ್ನು ಹೊರಗೆ ಹಾಕಿದ್ದರು ಅಂತ. ಅದು ನಿಜ. 1971ರವರೆಗೂ ಒಳಗೆ ಬಿಟ್ಟಿರಲಿಲ್ಲ. ಆದರೆ ಆ ಮಾತು ಕೇಳಿ ನನಗೆ ಆದದ್ದು ಸಿಟ್ಟಲ್ಲ, ಒಂದು ಥರದ ಸಮಾಧಾನ. ಅಪ್ಪನ ಬಗ್ಗೆ ನಾಚಿಕೆ ಪಡಲು ಒಂದು ದೊಡ್ಡ ಕಾರಣ ಸಿಕ್ಕಿತ್ತು.

ಅದೇ ಬೇಸಿಗೆ ತುಮಕೂರಿನಲ್ಲೇ ಅಪ್ಪ ಕಲಿಸಿದ ನಾಟಕ ಇತ್ತು. ನೀನು ಪೋಸ್ಟರ್ ನೋಡಿ, ‘ನಡಿಯೋ, ನೋಡ್ಕೊಂಡ್ ಬರಾಣ’ ಅಂದೆ. ಅದರಲ್ಲಿದ್ದ ಮೇಷ್ಟ್ರ ಹೆಸರು ನಿನಗೆ ಗುರುತು ಸಿಗಲಿಲ್ಲ. ನಾನು ‘ಅದು ಕ್ಯಾನ್ಸಲ್ ಆಯ್ತಂತೆ’ ಅಂದೆ. ಸಿನಿಮಾಗೆ ಹೋದೆವು.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡೇ ಪತ್ರ ಶುರು ಮಾಡಿದ್ದು. ಆದರೆ ಇನ್ನೊಂದಿದೆ. ಸಿನಿಮಾಗೆ ಹೋಗುವ ಮೊದಲು ಬಿ.ಎಚ್. ರಸ್ತೆಯಲ್ಲಿ ದೋಸೆ ತಿಂದು ಹೊರಗೆ ನಿಂತಿದ್ದೆವಲ್ಲ, ಎದುರಿನಿಂದ ಅಪ್ಪ ಬರುತ್ತಿದ್ದ. ಹಾರ್ಮೋನಿಯಂ ಪೆಟ್ಟಿಗೆ ಹೆಗಲ ಮೇಲೆ. ನನ್ನನ್ನು ನೋಡಿದ. ಪಕ್ಕದಲ್ಲಿದ್ದ ನಿನ್ನನ್ನೂ ನೋಡಿದ. ನಾನು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಅಪ್ಪ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದ. ಲಾರಿ, ಬಸ್ಸು ಓಡಾಡುವ ರಸ್ತೆ, ಹೆಗಲ ಮೇಲೆ ಅಷ್ಟು ಭಾರ. ಈ ಕಡೆಯಿಂದಲೇ ಹೋಗಿದ್ದರೆ ನಮ್ಮನ್ನು ದಾಟಿ ಹತ್ತು ಹೆಜ್ಜೆ.

ಇಷ್ಟು ವರ್ಷದಲ್ಲಿ ಅಪ್ಪ ಒಂದು ದಿನವೂ ಆ ಮಾತು ಎತ್ತಿಲ್ಲ. ನಾನು ಬಿಟ್ಟ ಶ್ರುತಿಗೂ ಹೋಗಿ ಸೇರಿಕೊಂಡ ಅಂತ ಈಗ ಅನ್ನಿಸುತ್ತದೆ. ಕೇಳೋಣ ಅಂತ ಮೊನ್ನೆ ಪಕ್ಕದಲ್ಲಿ ಕೂತೆ. ಬೆರಳಿಗೆ ಎಣ್ಣೆ ಉಜ್ಜಿಕೊಟ್ಟೆ. ಬಾಯಿ ಬರಲಿಲ್ಲ. ನಿನಗೆ ಬರೆದರೆ ಧೈರ್ಯ ಬರುತ್ತದೇನೋ ಅಂತ ಬರೆದೆ. ಅಪ್ಪನಿಗೆ ಇದನ್ನು ಓದಿ ಹೇಳಬೇಕೋ ಬೇಡವೋ, ನೀನೇ ಹೇಳು.

ಸಾಕು. ಅಮ್ಮ ಆಗಲೇ ಎರಡು ಸಲ ಕರೆದಳು, ಹೋಳಿಗೆ ಹೂರಣಕ್ಕೆ ಬೇಳೆ ಬೆಂದಿದೆಯಂತೆ, ರುಬ್ಬಿಕೊಡಬೇಕು. ಯುಗಾದಿ ಆದ ಮೇಲೆ ನಾಲ್ಕು ದಿನ ರಜೆ ಹಾಕಿ ಬಾ. ಅಮಾನಿಕೆರೆ ಏರಿ ಮೇಲೆ ಈಗ ಸಂಜೆ ಗಾಳಿ ಚೆನ್ನಾಗಿದೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಯಾವುದಾದರೂ ಊರಿನವರ ನಾಟಕ ಇದ್ದೇ ಇರುತ್ತದೆ, ಮುಂದಿನ ಸಾಲಿನಲ್ಲಿ ಕೂತು ನೋಡೋಣ. ಬರುವಾಗ ಕೊಡೆ ತರಬೇಡ.

ಇನ್ನೊಂದು ವಿಷಯ. ‘ಕೊನೇದು’ ಅಂದ ಅಪ್ಪ, ಪಕ್ಕದೂರಿನವರು ಬಂದು ಕೇಳಿದ್ದಕ್ಕೆ, ರಾತ್ರಿ ಬರಲ್ಲ, ಮನೆಗೆ ಬಂದರೆ ತಾಲೀಮು ಮಾಡಿಸ್ತೀನಿ ಅಂತ ಒಪ್ಪಿಕೊಂಡಿದ್ದಾನೆ. ಅವರಿಗೆ ಧರ್ಮರಾಯನ ಪಾತ್ರಕ್ಕೆ ಜನ ಸಿಕ್ಕಿಲ್ಲವಂತೆ. ನನ್ನ ಸ್ನೇಹಿತನೊಬ್ಬ ಇದ್ದಾನೆ ಅಂದೆ. ‘ಯಾವ ಶ್ರುತಿಲಿ ಹಾಡ್ತಾನೆ?’ ಅಂತ ಕೇಳಿದ.

ಕಪ್ಪು ಎರಡು ಅಂತ ಹೇಳಿದ್ದೇನೆ.

ನಿನ್ನ
ಮೇಷ್ಟ್ರ ಮಗ